ಹೆಬ್ಬೆರಳ ಬುಡದಲ್ಲಿ ನೋವು, ನಡುರಾತ್ರಿ ಜೋಮು: ಮೊದಲು ನಿಮ್ಮ ಕಟರ್ ನೋಡೋಣ

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನ ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್. ಎರಡು ವರ್ಷದಿಂದ ಫಿನಿಶಿಂಗ್‌ನಲ್ಲಿ, ಹೊಲಿದ ಷರ್ಟಿನಲ್ಲಿ ಉಳಿದ ದಾರವನ್ನು ಕಟರ್‌ನಿಂದ ಕಟ್ ಮಾಡುವ ಕೆಲಸ. ಗಂಟೆಗೆ 40 ಷರ್ಟ್ ಆಗಬೇಕು. ಆರು ತಿಂಗಳಿಂದ ಬಲಗೈ ಹೆಬ್ಬೆರಳ ಬುಡದಲ್ಲಿ ನೋವು. ರಾತ್ರಿ ಎರಡು ಮೂರು ಗಂಟೆಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ. ಹೋದ ವಾರ ಸಾರಿನ ಪಾತ್ರೆ ಕೈಜಾರಿ ಬಿತ್ತು. ಮೂರು ಕಡೆ ತೋರಿಸಿದೆ. ಒಬ್ಬರು ಮಾತ್ರೆ ಕೊಟ್ಟರು, ಒಬ್ಬರು ನರಕ್ಕೆ ಅಂತ ಇಂಜೆಕ್ಷನ್ ಕೊಟ್ಟರು, ಇನ್ನೊಂದು ಕಡೆ ಕಟ್ಟು ಹಾಕಿದರು. ಅತ್ತೆ ಇದು ವಾತ ಅನ್ನುತ್ತಾರೆ. ಕೆಲಸ ಬಿಡಬೇಕಾ? ನಮ್ಮ ಯಜಮಾನರು ಪೇಂಟಿಂಗ್ ಕೆಲಸ ಮಾಡುತ್ತಾರೆ, ಅವರಿಗೂ ಮೊಣಕೈ ನೋವು. ಅದೂ ಇದೇನಾ?

ಉತ್ತರ: ಕೆಲಸ ಬಿಡುವ ಮಾತು ಈಗಲೇ ಬೇಡ. ನಾನು ಫಿಸಿಯೋಥೆರಪಿಸ್ಟ್, ಹೆಚ್ಚಾಗಿ ನೋಡುವುದು ಕೈಯ ತೊಂದರೆಗಳನ್ನೇ. ನಿಮ್ಮ ಪತ್ರದಲ್ಲಿ ನನಗೆ ಬೇಕಾದದ್ದು ಒಂದು ಚಿಕ್ಕ ಸಾಲಿನಲ್ಲಿದೆ: ಗಂಟೆಗೆ 40 ಷರ್ಟ್. ನೀವು ಮೂರು ಕಡೆ ಕೈ ತೋರಿಸಿದಿರಿ. ಅವರಲ್ಲಿ ಒಬ್ಬರಾದರೂ ‘ಏನು ಕೆಲಸ ಮಾಡ್ತೀರಮ್ಮ?’ ಎಂದು ಕೇಳಿದರಾ? ಬಹುಶಃ ಇಲ್ಲ. ಇಟಲಿಯಲ್ಲಿ ಬರ್ನಾರ್ಡಿನೊ ರಮಾಜಿನಿ ಎಂಬ ವೈದ್ಯ 1700ರಲ್ಲೇ ಬರೆದಿದ್ದ, ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಿರಲಿ ಎಂದು. ದಿನವಿಡೀ ಕೂತು ಬರೆಯುವ ಗುಮಾಸ್ತರ ಬಲಗೈ ಹೇಗೆ ಸೋತುಹೋಗುತ್ತದೆ ಎಂಬುದನ್ನೂ ಆತ ಗಮನಿಸಿದ್ದ. ಮುನ್ನೂರು ವರ್ಷ ದಾಟಿದೆ. ನಮ್ಮಲ್ಲಿ ಎಷ್ಟೋ ಕಡೆ ಇನ್ನೂ ಆ ಪ್ರಶ್ನೆ ಕೇಳದೆಯೇ ಚೀಟಿ ಬರೆಯುತ್ತಾರೆ.

ನಾವು ಕೇಳೋಣ. ಕಾಲರ್, ಕಫ್, ಗುಂಡಿ, ಕಾಜ, ಕೆಳಗಿನ ಅಂಚು ಎಲ್ಲ ಸೇರಿ ಒಂದು ಷರ್ಟಿಗೆ 25 ಸಲ ದಾರ ಕತ್ತರಿಸುತ್ತೀರಿ ಎಂದಿಟ್ಟುಕೊಳ್ಳಿ. ಗಂಟೆಗೆ 1,000 ಸಲ. ಎಂಟು ಗಂಟೆಗೆ 8,000 ಸಲ. ಓಟಿ ಇದರಲ್ಲಿ ಸೇರಿಲ್ಲ. ಹೆಬ್ಬೆರಳ ತುದಿಯಲ್ಲಿ ಒಂದು ಕಿಲೋದಷ್ಟು ಒತ್ತಿದರೆ ಅದರ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ. ಮೇಲೆ ನೋಡಿದರೆ ಹಗುರ ಕೆಲಸ. ‘ಕೂತ್ಕೊಂಡು ದಾರ ಕತ್ತರಿಸೋದು, ಅದೇನು ಮಹಾ’ ಅನ್ನುವವರಿಗೆ ಈ ಲೆಕ್ಕ ಹೇಳಿ.

ಈಗ ನಿಮ್ಮ ಕೈ. ನೀವು ಒಂದೇ ನೋವು ಎಂದುಕೊಂಡಿದ್ದೀರಿ. ಬರೆದಿರುವುದನ್ನು ನೋಡಿದರೆ ಎರಡು ಬೇರೆ ಬೇರೆ ತೊಂದರೆ ಒಂದೇ ಕೈಯಲ್ಲಿ ಕೂತಿರುವ ಹಾಗಿದೆ. ಇವೆರಡೂ ಜೊತೆಯಾಗಿ ಬರುವುದು ಅಪರೂಪವೇನಲ್ಲ. ಆದರೆ ಎರಡಕ್ಕೂ ಮದ್ದು ಬೇರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಹೆಬ್ಬೆರಳ ಬುಡದ್ದು. ಬಟ್ಟೆ ಕೆಲಸದವರಿಗೆ ಇದನ್ನು ವಿವರಿಸುವುದು ಸುಲಭ. ಲಂಗದ ಸೊಂಟಪಟ್ಟಿಯೊಳಗೆ ಲಾಡಿ ಇರುತ್ತದಲ್ಲ, ಹಾಗೆ ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ಹುರಿಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಬಿಗಿಯಾದ ಕೊಳವೆಯೊಳಗೆ ಹಾದುಹೋಗುತ್ತವೆ. ಒಂದು ಸಲ ಕಟರ್ ಒತ್ತಿ ಬಿಟ್ಟರೆ ಹುರಿ ಒಂದು ಸಲ ಒಳಗೆ ಹೊರಗೆ ಜಾರಿತು ಎಂದರ್ಥ. ಸಾವಿರಗಟ್ಟಲೆ ಸಲ ಜಾರಿದರೆ ಕೊಳವೆಯ ಗೋಡೆ ದಪ್ಪವಾಗುತ್ತದೆ. ನೀರು ಕುಡಿದು ಉಬ್ಬಿದ ಲಾಡಿಯನ್ನು ಎಳೆದು ನೋಡಿ, ಹಾಗೆ ಸಿಕ್ಕಿಕೊಳ್ಳುತ್ತದೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಜ್ ಡಿ ಕ್ವೆರ್ವೇನ್ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಅದಕ್ಕೂ ಮುಂಚೆ ಇಂಗ್ಲಿಷರು ಇದನ್ನು ‘ಬಟ್ಟೆ ಒಗೆಯುವ ಹೆಂಗಸಿನ ಉಳುಕು’ ಎಂದು ಕರೆಯುತ್ತಿದ್ದರು. ನನಗೆ ಆ ಹಳೇ ಹೆಸರೇ ಇಷ್ಟ. ಕೆಲಸ ಯಾವುದು, ಮಾಡುವವರು ಯಾರು ಎಂಬ ಎರಡೂ ಅದರಲ್ಲಿದೆ.

ಪರೀಕ್ಷೆ ಮಾಡಿಕೊಳ್ಳಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ. ಆ ಮುಷ್ಟಿಯನ್ನು ಕಿರುಬೆರಳ ಕಡೆಗೆ, ಅಂದರೆ ಕೆಳಮುಖವಾಗಿ, ನಿಧಾನವಾಗಿ ಬಾಗಿಸಿ. ಹೆಬ್ಬೆರಳ ಬುಡದಿಂದ ಮೇಲೆ ಎರಡು ಬೆರಳ ಅಗಲದಲ್ಲಿ ಚುಳ್ ಎಂದು ಹೊಡೆದರೆ ಅದೇ. ಜೋರಾಗಿ ಬಾಗಿಸಬೇಡಿ. ಆರೋಗ್ಯವಾಗಿರುವವರಿಗೂ ಅಲ್ಲಿ ಸ್ವಲ್ಪ ಎಳೆತ ಇರುತ್ತದೆ, ಅದಕ್ಕೆ ಎಡಗೈಯಲ್ಲೂ ಮಾಡಿ ಹೋಲಿಸಿ ನೋಡಿ.

ಎರಡನೆಯದು ರಾತ್ರಿಯ ಜೋಮು. ಇಲ್ಲಿ ಸಿಕ್ಕಿಬಿದ್ದಿರುವುದು ನರ. ಮಣಿಕಟ್ಟಿನ ಒಳಭಾಗದಲ್ಲಿ ಒಂದು ಸಣ್ಣ ಸುರಂಗವಿದೆ. ಕೆಳಗೆ, ಅಕ್ಕಪಕ್ಕ ಮೂಳೆ, ಮೇಲೆ ದಪ್ಪ ಪಟ್ಟಿ. ಬೆರಳು ಮಡಚುವ ಒಂಬತ್ತು ಹುರಿಗಳೂ ಒಂದು ನರವೂ ಅದರಲ್ಲೇ ಹೋಗಬೇಕು. ಬೆಳಗ್ಗೆ ಎಂಟರ ಬಸ್ಸಿನ ಹಾಗೆ. ಒಂಬತ್ತು ಜನ ಸ್ವಲ್ಪ ಊದಿಕೊಂಡರೂ ನಜ್ಜುಗುಜ್ಜಾಗುವುದು ಆ ಹತ್ತನೆಯವನು. ಮಲಗಿದಾಗ ನಮಗೆ ಗೊತ್ತಿಲ್ಲದೆ ಮಣಿಕಟ್ಟು ಮಡಚಿಕೊಳ್ಳುತ್ತದೆ, ಸುರಂಗ ಇನ್ನೂ ಕಿರಿದಾಗುತ್ತದೆ. ಅದಕ್ಕೇ ರಾತ್ರಿ ಎರಡಕ್ಕೆ ಎಚ್ಚರವಾಗುವುದು, ಅದಕ್ಕೇ ಕೊಡವಿದರೆ ಸರಿಹೋಗುವುದು. ‘ಕೊಡವಿದರೆ ಸರಿಹೋಗುತ್ತದೆ’ ಎಂದು ನೀವು ಬರೆದಿರಿ ನೋಡಿ, ಆ ಒಂದು ಮಾತಿಗೇ ನಮ್ಮ ಅನುಮಾನ ಅರ್ಧ ಗಟ್ಟಿಯಾಗುತ್ತದೆ. ಇದರ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್.

ಇವತ್ತು ರಾತ್ರಿ ಎಚ್ಚರವಾದಾಗ ಒಂದು ಕೆಲಸ ಮಾಡಿ. ಕೈ ಕೊಡವುವ ಮುಂಚೆ ಯಾವ ಯಾವ ಬೆರಳು ಜೋಮು ಹಿಡಿದಿದೆ ಎಂದು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಭಾಗ, ಇಷ್ಟೇ ಇದ್ದು ಕಿರುಬೆರಳು ಚೆನ್ನಾಗಿದ್ದರೆ ಈ ಸುರಂಗದ ನರವೇ. ಕಿರುಬೆರಳೇ ಜೋಮು ಹಿಡಿಯುತ್ತಿದ್ದರೆ ಅದು ಬೇರೆ ನರ, ಮೊಣಕೈ ಹಿಂದೆ ಹಾದುಹೋಗುವಂಥದ್ದು. ಟೇಬಲ್ಲಿನ ಅಂಚಿಗೆ ಮೊಣಕೈ ಊರಿ ಕೆಲಸ ಮಾಡುವವರಲ್ಲಿ ಅದನ್ನು ನೋಡುತ್ತೇವೆ. ಕುತ್ತಿಗೆ ತಿರುಗಿಸಿದಾಗ ಕೈಗೆ ಸೆಳೆತ ಬಂದರೆ ಮೂಲ ಕುತ್ತಿಗೆಯಲ್ಲಿರಬಹುದು. ಒಂದು ಹಾಳೆಯ ಮೇಲೆ ಅಂಗೈ ಇಟ್ಟು ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ, ಜೋಮು ಬರುವ ಬೆರಳಿಗೆ ಬಣ್ಣ ತುಂಬಿ. ಆ ಹಾಳೆಯನ್ನು ಡಾಕ್ಟರ ಮುಂದಿಡಿ. ‘ಕೈಯೆಲ್ಲ ನೋವು ಸಾರ್’ ಎನ್ನುವುದಕ್ಕಿಂತ ಅದು ಹತ್ತು ಪಾಲು ಹೆಚ್ಚು ಹೇಳುತ್ತದೆ.

ಒಂದು ವಿಷಯಕ್ಕೆ ಮಾತ್ರ ತಡ ಮಾಡಬೇಡಿ. ಎರಡೂ ಅಂಗೈಗಳನ್ನು ಅಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡದ ದಪ್ಪ ಮಾಂಸದ ಭಾಗ ನೋಡಿ. ಬಲಗೈಯಲ್ಲಿ ಅದು ಚಪ್ಪಟೆಯಾಗಿದ್ದರೆ, ಅಥವಾ ಜೋಮು ಹಗಲೂ ರಾತ್ರಿ ಬಿಡದೆ ಇದ್ದರೆ, ನರ ಸೋಲುತ್ತಿದೆ ಎಂದು ಅರ್ಥ. ಪಾತ್ರೆ ಕೈಜಾರಿದ್ದನ್ನೂ ನಾನು ಸುಮ್ನೆ ಬಿಡುವುದಿಲ್ಲ. ಹಾಗಿದ್ದರೆ ಮನೆಮದ್ದು, ಬೆಲ್ಟು ಎಂದು ಕಾಯದೆ ಈ ವಾರವೇ ಮೂಳೆ ಡಾಕ್ಟರನ್ನೋ ನರದ ಡಾಕ್ಟರನ್ನೋ ನೋಡಿ. ನರ ಎಷ್ಟು ವೇಗದಲ್ಲಿ ಸಂದೇಶ ಸಾಗಿಸುತ್ತಿದೆ ಎಂದು ಅಳೆಯುವ ಪರೀಕ್ಷೆ ಇದೆ, ಸಣ್ಣ ಸಣ್ಣ ಕರೆಂಟ್ ಕೊಟ್ಟು ಮಾಡುತ್ತಾರೆ. ಸ್ವಲ್ಪ ಚುರುಕು ಮುಟ್ಟಿಸುತ್ತದೆ ಅಷ್ಟೇ, ಹೆದರಬೇಡಿ. ಜೊತೆಗೆ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇವೆರಡರಲ್ಲಿ ಏನಾದರೂ ಏರುಪೇರಿದ್ದರೆ ಈ ಜೋಮು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಬಸುರಿಯರಿಗೂ ಬರುತ್ತದೆ, ಸಾಮಾನ್ಯವಾಗಿ ಹೆರಿಗೆಯ ನಂತರ ಇಳಿಯುತ್ತದೆ.

ಇನ್ನು ನಿಮಗೆ ಆಗಿರುವ ಚಿಕಿತ್ಸೆ. ನೋವಿನ ಮಾತ್ರೆ ನಾಲ್ಕು ದಿನ ತೆಗೆದುಕೊಂಡರೆ ತಪ್ಪಿಲ್ಲ. ಆದರೆ ಮೆಡಿಕಲ್ ಸ್ಟೋರಿನಲ್ಲಿ ಎರಡೆರಡು ಕೊಂಡು ತಿಂಗಳುಗಟ್ಟಲೆ ನುಂಗಿ, ಮತ್ತೆ ಅದೇ ಕಟರ್ ಹಿಡಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು, ಕೈಗೆ ಏನೂ ಲಾಭವಿಲ್ಲ. ನೋವು ಮುಚ್ಚಿಹೋದ ಕಾರಣ ನೀವು ಇನ್ನೂ ಜಾಸ್ತಿ ಕೆಲಸ ಮಾಡುತ್ತೀರಿ, ಅದೇ ತೊಂದರೆ. ನರದ ಇಂಜೆಕ್ಷನ್ ಎಂದು ಕೊಡುವುದು ಹೆಚ್ಚಾಗಿ ಬಿ12 ವಿಟಮಿನ್. ರಕ್ತದಲ್ಲಿ ಅದು ಕಡಿಮೆ ಇದ್ದರೆ ಬೇಕು, ಇಲ್ಲದಿದ್ದರೆ ಸುರಂಗದಲ್ಲಿ ಸಿಕ್ಕಿಕೊಂಡ ನರವನ್ನು ಅದು ಬಿಡಿಸುವುದಿಲ್ಲ.

ಕಟ್ಟಿನ ಬಗ್ಗೆ ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ಬೆಂಗಳೂರಿನ ಬೀದಿ ಬೀದಿಯಲ್ಲಿ ಪುತ್ತೂರು ಕಟ್ಟಿನ ಬೋರ್ಡುಗಳಿವೆ, ಉಳುಕು ನೀವುವವರೂ ಇದ್ದಾರೆ. ನಮ್ಮ ಜನಕ್ಕೆ ಅವರ ಮೇಲೆ ನಂಬಿಕೆ, ಅದು ನನಗೂ ಗೊತ್ತು. ಆದರೆ ನಿಮ್ಮದು ಉಳುಕಲ್ಲ. ಇಕ್ಕಟ್ಟಿನಿಂದ ನರಳುತ್ತಿರುವ ನರದ ಮೇಲೆ ಮೊಟ್ಟೆ ಬಳಿದು ಬಿಗಿಯಾಗಿ ಸುತ್ತಿದರೆ ಇಕ್ಕಟ್ಟು ಇನ್ನೂ ಹೆಚ್ಚುತ್ತದೆ. ಊದಿದ ಹುರಿಯನ್ನು ಎಣ್ಣೆ ಹಾಕಿ ಗಟ್ಟಿಯಾಗಿ ಉಜ್ಜಿದರೆ ಅದು ಇನ್ನೂ ಊದುತ್ತದೆ. ಇನ್ನೊಂದು, ಹಳದಿ ರಬ್ಬರ್ ಚೆಂಡು. ಕೈ ಸೋತಿದೆ, ಬಲ ಬರಲಿ ಎಂದು ಯಾರೋ ಕೊಟ್ಟಿರುತ್ತಾರೆ, ಟಿವಿ ನೋಡುತ್ತಾ ಹಿಚುಕುತ್ತಾ ಕೂತಿರುತ್ತಾರೆ. ದಿನಕ್ಕೆ ಎಂಟು ಸಾವಿರ ಸಲ ಹಿಚುಕಿ ಬಂದ ಕೈಗೆ ಇನ್ನೂ ನೂರು ಸಲವಾ? ದಯವಿಟ್ಟು ಅದನ್ನು ಮಕ್ಕಳಿಗೆ ಆಡಲು ಕೊಡಿ.

ಹಾಗಾದರೆ ಏನು ಮಾಡಬೇಕು? ರಾತ್ರಿಯ ಜೋಮಿಗೆ ಮೊದಲ ಮದ್ದು ಮಣಿಕಟ್ಟಿನ ಸ್ಪ್ಲಿಂಟ್, ಅಂಗಡಿಯವರು ರಿಸ್ಟ್ ಬೆಲ್ಟ್ ಎನ್ನುತ್ತಾರೆ. ಒಳಗೆ ಲೋಹದ ಪಟ್ಟಿ ಇರುವಂಥದ್ದೇ ಬೇಕು, ಬರೀ ಎಲಾಸ್ಟಿಕ್ ಅಲ್ಲ. ಇಲ್ಲೊಂದು ಗುಟ್ಟಿದೆ. ರೆಡಿಮೇಡ್ ಸ್ಪ್ಲಿಂಟುಗಳಲ್ಲಿ ಎಷ್ಟೋ ಸಲ ಆ ಪಟ್ಟಿ ಕೈಯನ್ನು ಹಿಂದಕ್ಕೆ ಎತ್ತಿ ಹಿಡಿಯುವ ಹಾಗೆ ಬಾಗಿರುತ್ತದೆ. ಈ ತೊಂದರೆಗೆ ಅದು ಸರಿಯಲ್ಲ. ಪಟ್ಟಿಯನ್ನು ಹೊರಗೆಳೆದು ನೆಟ್ಟಗೆ ಮಾಡಿ ಮತ್ತೆ ತೂರಿಸಿ. ಮಣಿಕಟ್ಟು ಹಿಂದಕ್ಕೂ ಬೇಡ, ಮುಂದಕ್ಕೂ ಬೇಡ, ನೇರವಾಗಿರಲಿ. ರಾತ್ರಿ ಮಾತ್ರ ಹಾಕಿ, ಬೆರಳು ತೂರುವಷ್ಟು ಸಡಿಲವಾಗಿ. ಕನಿಷ್ಠ ಆರು ವಾರ. ಮೂರನೇ ದಿನಕ್ಕೇ ‘ಏನೂ ಆಗಲಿಲ್ಲ’ ಎಂದು ಮೂಲೆಗೆ ಎಸೆಯುವವರೇ ಜಾಸ್ತಿ.

ಹೆಬ್ಬೆರಳಿನ ನೋವಿಗೆ ಬೇರೆ ಸ್ಪ್ಲಿಂಟ್, ಹೆಬ್ಬೆರಳೂ ಒಳಗೆ ಸೇರುವಂಥದ್ದು. ಅದನ್ನು ಹಗಲು ಮನೆಯಲ್ಲಿದ್ದಾಗ ಹಾಕಿ. ನೋವಿರುವ ಕಡೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಇಷ್ಟಕ್ಕೆ ಇಳಿಯದಿದ್ದರೆ ಡಾಕ್ಟರು ಆ ಕೊಳವೆಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು. ಸ್ಟೀರಾಯ್ಡ್ ಎಂದ ಕೂಡಲೇ ಬೆಚ್ಚಬೇಡಿ. ಸರಿಯಾದ ಜಾಗಕ್ಕೆ ಬಿದ್ದರೆ ಹಲವರಿಗೆ ಒಂದರಲ್ಲೇ ನೋವು ಹೋಗುತ್ತದೆ. ಚುಚ್ಚಿದ ಜಾಗದಲ್ಲಿ ಚರ್ಮ ಸ್ವಲ್ಪ ಬೆಳ್ಳಗಾಗಬಹುದು, ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಆಪರೇಷನ್ ಎರಡಕ್ಕೂ ಇದೆ, ಚಿಕ್ಕದೇ. ಆದರೆ ಅದು ಕೊನೆಯ ಮೆಟ್ಟಿಲು. ನರ ಸೋಲುತ್ತಿದ್ದರೆ ಮಾತ್ರ ಬೇಗ ಮಾಡಿಸಬೇಕು.

ಇಷ್ಟೆಲ್ಲ ಮಾಡಿ ಸೋಮವಾರ ಮತ್ತೆ ಅದೇ ಮೊಂಡು ಕಟರ್ ಹಿಡಿದರೆ? ಒಂದು ತಿಂಗಳಲ್ಲಿ ನೀವು ಮತ್ತೆ ನನಗೆ ಪತ್ರ ಬರೆಯುತ್ತೀರಿ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಫಿನಿಶಿಂಗ್ ವಿಭಾಗಕ್ಕೆ ಹೋಗಿದ್ದೆ. ಕೈನೋವಿನವರು ಅಲ್ಲಿಂದಲೇ ಜಾಸ್ತಿ ಬರುತ್ತಿದ್ದರು. ಒಬ್ಬ ಹುಡುಗಿಯ ಕಟರನ್ನು ಇಸಿದುಕೊಂಡು ನಾನೇ ಒಂದು ಷರ್ಟಿನ ದಾರ ಕತ್ತರಿಸಿದೆ. ದಾರ ತುಂಡಾಗುವ ಬದಲು ಎರಡು ಅಲಗಿನ ನಡುವೆ ಮಡಚಿಕೊಂಡಿತು. ಮತ್ತೆ ಒತ್ತಿದೆ. ಪಕ್ಕಕ್ಕೆ ತಿರುಚಿ ಒತ್ತಿದೆ, ಆಗ ಹರಿಯಿತು. ಅಲಗಿನ ಬುಡದಲ್ಲಿ ನೂಲಿನ ಧೂಳು ಗಟ್ಟಿಯಾಗಿ ಕೂತಿತ್ತು. ಹಿಡಿಯ ಅಂಚು ಒತ್ತಿ ಒತ್ತಿ ಆಕೆಯ ಹೆಬ್ಬೆರಳಿನಲ್ಲಿ ಹುರುಳಿಕಾಳಿನಷ್ಟು ಗಂಟು. ಹತ್ತು ಷರ್ಟ್ ಆಗುವಷ್ಟರಲ್ಲಿ ನನ್ನ ಕೈ ಬಿಸಿಯಾಯಿತು. ಆಮೇಲೆ ಸ್ಟೋರಿನಿಂದ ಹೊಸ ಕಟರ್ ತರಿಸಿದೆವು. ಮುಟ್ಟಿದರೆ ಸಾಕು, ದಾರ ಉದುರುತ್ತಿತ್ತು. ಹಳೆಯದು ಮುರಿಯುವವರೆಗೂ ಹೊಸದು ಕೊಡುವುದಿಲ್ಲ ಎಂಬ ನಿಯಮ ಅಲ್ಲಿತ್ತು. ಆ ಕಟರಿನ ಬೆಲೆಗಿಂತ ಒಂದು ದಿನದ ರಜೆಯ ಸಂಬಳ ಜಾಸ್ತಿ. ಆ ಲೆಕ್ಕ ಯಾರೂ ಹಾಕಿರಲಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ ಇದು: ಕಟರ್ ಬದಲಾಯಿಸಿಕೊಳ್ಳಿ. ‘ಕೈ ನೋವು’ ಎಂದು ಸೂಪರ್‌ವೈಸರ್ ಬಳಿ ಹೋದರೆ ‘ಎಲ್ಲರಿಗೂ ನೋವೇ’ ಎನ್ನುತ್ತಾರೆ. ‘ಒಂದು ದಾರಕ್ಕೆ ಎರಡು ಸಲ ಕಟ್ ಮಾಡ್ಬೇಕು ಸಾರ್, ಪ್ರೊಡಕ್ಷನ್ ಬರ್ತಿಲ್ಲ’ ಎಂದು ಹೇಳಿ ನೋಡಿ. ಅವರಿಗೆ ಅರ್ಥವಾಗುವ ಭಾಷೆ ಅದು. ಸ್ಪ್ರಿಂಗ್ ತಾನಾಗಿ ತೆರೆದುಕೊಳ್ಳುತ್ತಿದೆಯಾ ನೋಡಿ. ದಿನಕ್ಕೊಮ್ಮೆ ಧೂಳು ತೆಗೆದು, ಒಂದು ತೊಟ್ಟು ಮೆಷಿನ್ ಎಣ್ಣೆ ಬಿಟ್ಟು ಒರೆಸಿ, ಷರ್ಟಿಗೆ ಕಲೆ ಹತ್ತದ ಹಾಗೆ. ಹಿಡಿಗೆ ಬಟ್ಟೆಯ ತುಂಡು ಸುತ್ತಿಕೊಂಡರೆ ಅಂಚು ಒತ್ತುವುದಿಲ್ಲ.

ಟೇಬಲ್ ನಿಮ್ಮ ಮೊಣಕೈ ಎತ್ತರಕ್ಕಿರಬೇಕು. ತಗ್ಗಿದ್ದರೆ ಮಣಿಕಟ್ಟು ಬಾಗಿಸಿಯೇ ಕತ್ತರಿಸುತ್ತೀರಿ, ಆ ಬಾಗಿದ ಕೈಯೇ ನಿಮ್ಮ ಎರಡೂ ತೊಂದರೆಗಳ ತವರು. ಕೈ ತಿರುಚುವ ಬದಲು ಷರ್ಟನ್ನು ತಿರುಗಿಸಿ.

ಬಿಡುವಿನ ಬಗ್ಗೆ. ಗಂಟೆಗೆ ಹತ್ತು ನಿಮಿಷ ರೆಸ್ಟ್ ತೆಗೆದುಕೊಳ್ಳಿ ಎಂದು ಬರೆಯುವುದು ನನಗೆ ಸುಲಭ, ಲೈನಿನಲ್ಲಿ ಕೂತವರಿಗೆ ಗೊತ್ತು ಅದು ಆಗದ ಮಾತು ಅಂತ. ಒಂದು ಬಂಡಲ್ ಮುಗಿದಾಗ ಕಟರ್ ಕೆಳಗಿಟ್ಟು, ಕೈ ಇಳಿಬಿಟ್ಟು, ಬೆರಳು ಅಗಲಿಸಿ ಇಪ್ಪತ್ತು ಮೂವತ್ತು ಎಣಿಸಿ. ಅಷ್ಟು ಸಾಕು, ಆದರೆ ಪ್ರತಿ ಬಂಡಲ್‌ಗೂ ಮಾಡಬೇಕು. ಹುರಿಗಳಿಗೆ ರಕ್ತ ಬರುವುದೇ ಕಡಿಮೆ, ಅವು ದೊಡ್ಡ ರಜೆಗಿಂತ ಇಂಥ ಚಿಲ್ಲರೆ ಬಿಡುವನ್ನೇ ಕೇಳುತ್ತವೆ. ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯದೆ ಇರುವ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ಕುಡಿಯಿರಿ, ಹೋಗಿ. ಎದ್ದು ಹೋಗುವ ಆ ಐದು ನಿಮಿಷ ಕೈಗೂ ರಜೆ.

ಸಾಧ್ಯವಾದರೆ ಆರು ವಾರ ಕೆಲಸ ಬದಲಿಸಿ ಕೊಡಲು ಕೇಳಿ. ಚೆಕಿಂಗ್, ಟ್ಯಾಗ್ ಹಾಕುವುದು, ಮಡಿಸುವುದು, ಯಾವುದಾದರೂ ಸರಿ, ಅರ್ಧ ದಿನವಾದರೂ ಸರಿ. ಬರೀ ಬಾಯಿಮಾತಿಗೆ ಕೊಡುವುದಿಲ್ಲ. ನಿಮ್ಮ ಸಂಬಳದಿಂದ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಕಂತು, ಹಿಡಿಯುತ್ತಾರಲ್ಲ, ಅದನ್ನು ಬಳಸಿಕೊಳ್ಳಿ. ನಿಮ್ಮ ಡಿಸ್ಪೆನ್ಸರಿಗೆ ಹೋಗಿ, ಅಲ್ಲಿಂದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರೆಸಿಕೊಳ್ಳಿ. ಹೆಬ್ಬೆರಳಲ್ಲಿ ಒತ್ತುವ ಕೆಲಸ ಇಷ್ಟು ವಾರ ಬೇಡ ಎಂದು ಚೀಟಿಯಲ್ಲೇ ಬರೆದುಕೊಡಲು ಕೇಳಿ. ಪೂರ್ತಿ ರಜೆಯೇ ಬೇಕಾದರೆ, ಕಂತು ಕಟ್ಟಿದ ದಿನಗಳು ಸಾಕಷ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡ 70ರಷ್ಟು ಹಣ ಇಎಸ್‌ಐನಿಂದಲೇ ಬರುತ್ತದೆ. ಇದು ಗೊತ್ತಿಲ್ಲದೆ ಸಂಬಳ ಹೋಗುತ್ತದೆ ಎಂದು ನೋವು ನುಂಗಿಕೊಂಡು ಕೂರುವವರು ತುಂಬಾ ಜನ.

ಮನೆಯ ಕೆಲಸವನ್ನೂ ಕೇಳಲೇಬೇಕು. ನಿಮ್ಮದು ಸಂಜೆ ಮುಗಿಯುವ ಶಿಫ್ಟ್ ಅಲ್ಲ ಅಲ್ವಾ? ಒದ್ದೆ ಬಟ್ಟೆ ಹಿಂಡುವುದು ಹೆಬ್ಬೆರಳ ನೋವಿಗೆ ಎಲ್ಲಕ್ಕಿಂತ ಕೆಟ್ಟದ್ದು. ಹಿಂಡಬೇಡಿ, ನೀರು ತೊಟ್ಟಿಕ್ಕುವ ಹಾಗೇ ತಂತಿಯ ಮೇಲೆ ಹಾಕಿ. ಬೆಡ್‌ಶೀಟ್ ಇದ್ದರೆ ಮಗಳು ಒಂದು ತುದಿ ಹಿಡಿಯಲಿ ಎನ್ನುವುದೂ ಬೇಡ, ಅವಳೇ ಹಿಂಡಲಿ. ಮುದ್ದೆ ತಿರುವುವುದನ್ನು ಆರು ವಾರ ಬೇರೆಯವರಿಗೆ ಬಿಡಿ. ಮುದ್ದೆ ಕೋಲನ್ನು ಒತ್ತಿ ಹಿಡಿದು ತಿರುವುವಾಗ ಮಣಿಕಟ್ಟಿನ ಮೇಲೆ ಬೀಳುವ ಬಲ ಕಟರಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇಕ್ಕಳದಲ್ಲಿ ತುಂಬಿದ ಪಾತ್ರೆ ಎತ್ತಬೇಡಿ, ಅದೂ ಹಿಚುಕುವ ಹಿಡಿತವೇ. ಎರಡು ಕೈಯಲ್ಲೂ ಮಸಿಬಟ್ಟೆ ಹಿಡಿದು ಇಳಿಸಿ. ಸಾರಿನ ಪಾತ್ರೆ ಬಿದ್ದದ್ದು ಹಾಗೆಯೇ ಇರಬೇಕು ಎಂದು ನನ್ನ ಊಹೆ. ಮೊಬೈಲನ್ನು ಮಲಗಿಕೊಂಡು ಹೆಬ್ಬೆರಳಲ್ಲಿ ತಳ್ಳುವುದೂ ಲೆಕ್ಕಕ್ಕೆ ಸೇರುತ್ತದೆ.

ಅತ್ತೆಯವರ ಮಾತಿಗೆ ಜಗಳ ಬೇಡ. ವಾತ ಎಂದು ಅವರು ಹೇಳುವುದು ಅವರು ಕಂಡ ಕೀಲುನೋವನ್ನು. ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳ ಗೆಣ್ಣುಗಳು ಊದಿ, ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿದ್ದರೆ ಅವರ ಮಾತಿನಲ್ಲೂ ಹುರುಳಿದೆ, ಅದಕ್ಕೂ ರಕ್ತಪರೀಕ್ಷೆ ಇದೆ. ನೀವು ಬರೆದದ್ದರಲ್ಲಿ ಅದು ಕಾಣಲಿಲ್ಲ.

ಇನ್ನು ಯಜಮಾನರ ಮೊಣಕೈ. ಹೊರಬದಿಯ ಮೂಳೆಯ ಗುಬ್ಬಿಯ ಮೇಲೆ ಒತ್ತಿದರೆ ನೋವು, ತುಂಬಿದ ಬಕೆಟ್ ಎತ್ತಿದರೆ ನೋವು, ಲೋಟ ಹಿಡಿದು ಎತ್ತಿದರೂ ನೋವು ಎಂದರೆ ಅದು ಟೆನಿಸ್ ಎಲ್ಬೋ. 2004ರಲ್ಲಿ ಸಚಿನ್ ತೆಂಡೂಲ್ಕರ್ ಬ್ಯಾಟು ಹಿಡಿಯಲಾಗದೆ ಕೂತಾಗ ಇಡೀ ದೇಶಕ್ಕೆ ಈ ಹೆಸರು ಗೊತ್ತಾಯಿತು. ನನ್ನ ಬಳಿ ಬಂದ ಟೆನಿಸ್ ಎಲ್ಬೋದವರಲ್ಲಿ ಟೆನಿಸ್ ಆಡುವವರನ್ನು ಬೆರಳಲ್ಲಿ ಎಣಿಸಬಹುದು. ಪೇಂಟರ್‌ಗಳು, ಬಡಗಿಗಳು, ಪರೋಟ ತಟ್ಟುವವರು, ಇವರೇ ಹೆಚ್ಚು. ಇದು ನಿಮ್ಮ ಕಾಯಿಲೆಯ ದಾಯಾದಿ, ಅಂಟುವುದಿಲ್ಲ. ರೋಲರ್‌ಗೆ ಉದ್ದ ಕೋಲು ಹಾಕಿ ಎರಡು ಕೈಯಲ್ಲಿ ಹಿಡಿಯಲಿ. ಹಿಡಿ ಸಣ್ಣಗಿದ್ದರೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಲಿ. ಡಬ್ಬ ಎತ್ತುವಾಗ ಅಂಗೈ ಮೇಲಕ್ಕಿರಲಿ. ಅದಕ್ಕೆ ವ್ಯಾಯಾಮವೂ ಇದೆ, ಆದರೆ ಪತ್ರದಲ್ಲಿ ಕಲಿಸುವಂಥದ್ದಲ್ಲ, ಫಿಸಿಯೋಥೆರಪಿ ವಿಭಾಗದಲ್ಲಿ ಒಂದು ಸಲ ತೋರಿಸಿಕೊಂಡು ಬರಲಿ. ತಿಂಗಳುಗಳೇ ಹಿಡಿಯಬಹುದು ಎಂದು ಮೊದಲೇ ಹೇಳಿಬಿಡಿ. ಮತ್ತೆ ಒಂದು ಮಾತು, ನಾನು ಬೇಡ ಎಂದೆನೆಂದು ಬಟ್ಟೆ ಹಿಂಡುವ ಕೆಲಸವನ್ನು ಅವರಿಗೆ ದಾಟಿಸಬೇಡಿ. ಅದು ಅವರ ಮೊಣಕೈಗೂ ಆಗದು.